ಗೆದ್ದಲು ಹೋಯಿತು, ನಡುಮನೆಯಲ್ಲಿ 47 ಬಿಳಿ ಚುಕ್ಕೆ ಉಳಿದವು

ಶಿವಮೊಗ್ಗದ ನಮ್ಮ ಮನೆಗೆ 2021ರ ಡಿಸೆಂಬರ್‌ನಲ್ಲಿ ಗೆದ್ದಲಿನ ಮದ್ದು ಹಾಕಿಸಿದೆ. ನೆಲ ಕೊರೆದು ಅಡಿಯ ಮಣ್ಣಿಗೆ ಔಷಧಿ ತುಂಬುತ್ತಾರಲ್ಲ, ಅದು. ಐದು ವರ್ಷ ವಾರಂಟಿ. 1,150 ಚದರಡಿಗೆ ಅಡಿಗೆ 9 ರೂಪಾಯಿ, ಜಿಎಸ್‌ಟಿ ಸೇರಿ 12,213 ರೂಪಾಯಿ ಕೊಟ್ಟೆ. ನಾಲ್ಕು ಮಳೆಗಾಲ ಕಳೆದಿದೆ. ಮದ್ದು ಕೆಲಸ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಬರೆಯಲು ಕೂತಿದ್ದು ನಡುಮನೆಯ ನೆಲಕ್ಕೆ ಆದದ್ದನ್ನು ಹೇಳಲು.

ಅಪ್ಪ 1978ರಲ್ಲಿ ಕಟ್ಟಿಸಿದ ಮನೆ. ರೆಡ್ ಆಕ್ಸೈಡ್ ನೆಲ, ಹಲಸಿನ ಮರದ ದಾರಂದ. ಅಮ್ಮ ನಲವತ್ತು ವರ್ಷ ಪ್ರತಿ ಶನಿವಾರ ಆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಹಳೇ ಪಂಚೆಯ ತುಂಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಮೂಲೆಯಿಂದ ಮೂಲೆಗೆ ತಿಕ್ಕಿದ್ದಾರೆ. ಬೆಳಗಿನ ಬಿಸಿಲಿಗೆ ಕಿಟಕಿಯ ಸರಳುಗಳು ಆ ನೆಲದಲ್ಲಿ ಕಾಣುತ್ತಿದ್ದವು.

ಬಂದ ಹುಡುಗರಿಬ್ಬರೂ ಕೆಲಸ ಬಲ್ಲವರೇ. ಗೋಡೆ ಮತ್ತು ನೆಲ ಸೇರುವ ಅಂಚಿನಲ್ಲಿ ಅಡಿಗೊಂದು ತೂತು ಕೊರೆದರು. ಒಂದೊಂದಕ್ಕೂ ಪಂಪಿನಿಂದ ಮದ್ದು ಬಿಟ್ಟರು, ಮಣ್ಣು ಇನ್ನು ಕುಡಿಯುವುದಿಲ್ಲ ಎನ್ನುವವರೆಗೆ ಅಥವಾ ಒಂದು ಲೀಟರ್ ಆಗುವವರೆಗೆ. ಕಟ್ಟಿ ಮುಗಿದ ಮನೆಗಳಿಗೆ ಗೆದ್ದಲು ತಡೆಯ ಭಾರತೀಯ ಮಾನದಂಡ ಐಎಸ್ 6313ರ ಮೂರನೇ ಭಾಗ ಹೇಳುವುದೂ ಇದನ್ನೇ. ಸಂಜೆ ಹೊರಡುವ ಮುಂಚೆ ತೂತುಗಳನ್ನೆಲ್ಲ ಬಿಳಿ ಸಿಮೆಂಟಿನಿಂದ ಮುಚ್ಚಿದರು. ಕೆಂಪು ನೆಲದ ಸುತ್ತ ಬಿಳಿ ಚುಕ್ಕೆ. ನಡುಮನೆಯೊಂದರಲ್ಲೇ 47. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು, ಒಂದು ಮಾತೂ ಆಡದೆ ಒಳಗೆ ಹೋದರು. ಆ ಶನಿವಾರ ನೆಲಕ್ಕೆ ಎಣ್ಣೆ ತಿಕ್ಕಲಿಲ್ಲ, ಮುಂದಿನ ಶನಿವಾರವೂ ಇಲ್ಲ.

ಕಂಪನಿಗೆ ಫೋನ್ ಮಾಡಿ ಕೇಳಿದರೆ, ‘ಎಲ್ಲ ಕಡೆ ಹಂಗೇ ಹಾಕೋದು ಮೇಡಂ, ಟೈಲ್ಸ್‌ಗೆ ಗೊತ್ತಾಗಲ್ಲ’ ಎಂದರು. ನಮ್ಮ ಮನೆಯಲ್ಲಿ ಟೈಲ್ಸ್ ಎಲ್ಲಿದೆ? ಡ್ರಿಲ್ ಹಿಡಿಯುವ ಮುಂಚೆ ಯಾರಾದರೂ ಒಂದು ಮಾತು ಕೇಳಬೇಕಿತ್ತು.

ಇಷ್ಟೆಲ್ಲ ಯಾಕೆ ಮಾಡಿಸಬೇಕಾಯಿತು ಎಂದರೆ, ಆ ವರ್ಷ ಗೋಡೆ ಕಪಾಟಿನಿಂದ ಅಪ್ಪನ ಲೆಕ್ಕದ ಪುಸ್ತಕ ತೆಗೆಯಲು ಹೋದೆ. ರಟ್ಟು ಮಾತ್ರ ಕೈಗೆ ಬಂತು. ಹೊರಗಿನಿಂದ ಪುಸ್ತಕಗಳು ಇಟ್ಟ ಹಾಗೇ ಸಾಲಾಗಿ ನಿಂತಿದ್ದವು, ಒಳಗೆ ಹಾಳೆ ಇದ್ದಲ್ಲೆಲ್ಲ ತೇವದ ಮಣ್ಣು. ಅಮ್ಮ ‘ಒರಲೆ ಹಿಡಿದುಬಿಟ್ಟಿದೆ’ ಎಂದು ಕೂತುಬಿಟ್ಟರು. ಅದೇ ಮೇ ತಿಂಗಳ ಮೊದಲ ಮಳೆಗೆ ಆ ಕೋಣೆಯ ಕಿಟಕಿ ಕಟ್ಟೆಯಲ್ಲಿ ರೆಕ್ಕೆಗಳ ರಾಶಿ ಬಿದ್ದಿತ್ತು. ದೀಪಕ್ಕೆ ಹೊರಗಿನಿಂದ ಬಂದ ಮಳೆಹುಳ ಅಂದುಕೊಂಡು ಗುಡಿಸಿ ಹಾಕಿದ್ದೆ. ಕಿಟಕಿ ಮುಚ್ಚಿತ್ತು ಎಂಬುದು ಆಗ ತಲೆಗೆ ಹೋಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ರೆಕ್ಕೆ ಬಿದ್ದಿದ್ದರೆ ಹುಳ ಎದ್ದಿದ್ದು ಮನೆಯೊಳಗಿಂದಲೇ. ನಾಲ್ಕು ರೆಕ್ಕೆಯೂ ಒಂದೇ ಉದ್ದ ಇದ್ದರೆ ಗೆದ್ದಲು. ಇರುವೆಯದಾದರೆ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು.

2014ರಲ್ಲಿ ಒಮ್ಮೆ ಕ್ಲೋರ್‌ಪೈರಿಫಾಸ್ ಸಿಂಪಡಿಸಿ ಹೋಗಿದ್ದರು. ಹದಿನೈದು ದಿನ ವಾಸನೆ, ಎರಡು ಮಳೆಗಾಲಕ್ಕೆ ಮತ್ತೆ ಹುಳ. ಮೇಲೆ ಸಿಂಪಡಿಸಿದ್ದು ಮಣ್ಣಿನೊಳಗಿನ ಗೂಡಿಗೆ ಹೇಗೆ ಮುಟ್ಟೀತು? ಈ ಸಲದ್ದು ಇಮಿಡಾಕ್ಲೋಪ್ರಿಡ್. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಅಮ್ಮ ಮನೆಯಲ್ಲೇ ಇದ್ದರು. ಮದ್ದು ಹಾಕಿದ ಮಣ್ಣು ಅಂತ ಹುಳಕ್ಕೆ ತಿಳಿಯುವುದಿಲ್ಲ, ಅದರಲ್ಲೇ ಓಡಾಡಿ ಮೈಗೆ ಮೆತ್ತಿಕೊಂಡು ಗೂಡಿನ ಉಳಿದವಕ್ಕೂ ದಾಟಿಸುತ್ತದೆ. ಬಾವಿ ಇದ್ದವರು ಮಾತ್ರ ಮೊದಲೇ ಹೇಳಿ. ನಮ್ಮ ಬಾವಿ ಕಡೆಯ ಗೋಡೆಗೆ ಕೊರೆಯಬೇಡಿ ಎಂದು ನಾನೇ ಅಡ್ಡ ನಿಂತು ಬಿಡಿಸಿದೆ. ಅವರಾಗಿ ಕೇಳಲಿಲ್ಲ.

2023ರ ಜುಲೈಯಲ್ಲಿ ಬಚ್ಚಲುಮನೆಯ ದಾರಂದದ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡಿತು. ಮೂರು ಸಲ ಫೋನ್ ಮಾಡಿದ ಮೇಲೆ, ಒಂಬತ್ತನೇ ದಿನ ಒಬ್ಬ ಹುಡುಗ ಬಂದ. ಜಗಳಕ್ಕೆ ಸಿದ್ಧಳಾಗಿಯೇ ಬಾಗಿಲು ತೆಗೆದಿದ್ದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಕೇಳಿದ್ದು, ‘ಅಕ್ಕಾ, ಇದನ್ನ ಪೊರಕೆಯಲ್ಲಿ ಗುಡಿಸಿದ್ರಾ?’ ಎರಡು ಸಲ ಗುಡಿಸಿದ್ದೆ. ಇನ್ನು ಮುಟ್ಟಬೇಡಿ ಎಂದವನೇ ಗೆರೆಯ ನಡುವೆ ಒಂದು ಬೆರಳುದ್ದ ಮಾತ್ರ ಉಗುರಿನಿಂದ ಕೆರೆದ. ಒಳಗೆ ಬಿಳಿ ಹುಳಗಳು ದಿಕ್ಕೆಟ್ಟು ಓಡಿದವು. ‘ಇದು ಜೀವ ಇರೋ ದಾರಿ. ಮದ್ದು ಹಾಕಿದ ಮೇಲೂ ಹಿಂಗೇ ಕೆರೆದು ನೋಡಿ. ಎರಡು ದಿನದಲ್ಲಿ ಮತ್ತೆ ಕಟ್ಟಿದ್ರೆ ಫೋನ್ ಮಾಡಿ.’

ಆಮೇಲೆ ಅಂಗೈಯನ್ನು ಗೋಡೆಗೆ ಒತ್ತಿ ಒತ್ತಿ ನೋಡುತ್ತಾ ವಾಶ್‌ಬೇಸಿನ್ ಹತ್ತಿರ ಬಂದು ನಿಂತ. ಪೈಪಿನ ಸಂದಿಯಿಂದ ನೀರು ಜಿನುಗುತ್ತಿತ್ತು. ತಿಂಗಳುಗಳಿಂದ ಗೋಡೆ ನೆಂದಿತ್ತು. ‘ಮೊದಲು ಈ ನೀರು ನಿಲ್ಲಿಸಿ ಅಕ್ಕಾ. ಇದಿರೋ ತನಕ ಅವು ಬರ್ತಾನೇ ಇರ್ತವೆ.’ ದಾರಂದಕ್ಕೆ ಆರು ಸಣ್ಣ ತೂತು ಹಾಕಿ ಮದ್ದು ಕುಡಿಸಿದ. ಪ್ಲಂಬರ್‌ಗೆ 350 ರೂಪಾಯಿ ಕೊಟ್ಟೆ. ಅಲ್ಲಿಂದ ಇವತ್ತಿನವರೆಗೆ ಆ ಜಾಗದಲ್ಲಿ ಗೆರೆ ಎದ್ದಿಲ್ಲ. ಹಿತ್ತಿಲ ಗೋಡೆಗೆ ಒರಗಿಸಿದ್ದ ಸೌದೆ ರಾಶಿಯನ್ನೂ ಅವನ ಮಾತಿನ ಮೇಲೆ ಕಲ್ಲಿನ ಕಟ್ಟೆಗೆ ಸಾಗಿಸಿದೆವು.

ಹೊರಡುವಾಗ ನಡುಮನೆ ನೋಡಿ ಅವನ ಮುಖ ಬಾಡಿತು. ‘ನೂರು ಗ್ರಾಂ ಕೆಂಪು ಪುಡಿ ಸಿಮೆಂಟಿಗೆ ಕಲಸಿದ್ರೆ ಸಾಕಿತ್ತಲ್ಲ ಅಕ್ಕಾ.’ ಒಂದೂವರೆ ವರ್ಷದ ಸಿಟ್ಟು ಆ ಮಾತಿಗೆ ಅರ್ಧ ಇಳಿಯಿತು. ರೆಡ್ ಆಕ್ಸೈಡ್ ನೆಲ ಇರುವವರೇ, ಕೆಲಸದ ಹಿಂದಿನ ದಿನವೇ ಪುಡಿ ತಂದಿಡಿ. ಸಿಮೆಂಟಿನ ಜೊತೆ ಸ್ವಲ್ಪ ಕಲಸಿ, ಒಣಗಿಸಿ, ಬಣ್ಣ ಕೂಡುತ್ತದಾ ನೋಡಿ. ಹಸಿಯಲ್ಲಿ ಗಾಢ ಕಾಣುತ್ತದೆ, ಒಣಗಿದರೆ ತಿಳಿಯಾಗುತ್ತದೆ.

ಅವನೇ ಕಲಿಸಿದ ಇನ್ನೊಂದು ಅಭ್ಯಾಸ ಈಗ ನನ್ನದಾಗಿದೆ. ತಿಂಗಳ ಮೊದಲ ಭಾನುವಾರ ಕಾಫಿ ಮುಗಿಸಿ, ಸ್ಕ್ರೂಡ್ರೈವರ್‌ನ ಹಿಡಿಯಿಂದ ದಾರಂದಗಳನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗುತ್ತೇನೆ. ಗಟ್ಟಿ ಮರ ಟಕ್ ಟಕ್ ಎನ್ನುತ್ತದೆ. ಟೊಳ್ಳಾದ ಜಾಗ ಡೊಬ್ ಎನ್ನುತ್ತದೆ, ಬಲಿತ ಹಲಸಿನ ಹಣ್ಣು ತಟ್ಟಿದ ಹಾಗೆ. ಅಮ್ಮ ಕುರ್ಚಿಯಲ್ಲಿ ಕೂತೇ ಕಿವಿಗೊಟ್ಟು ‘ಅಲ್ಲಿ ಇನ್ನೊಂದ್ಸಲ ತಟ್ಟು’ ಎನ್ನುತ್ತಾರೆ. ಅಡಿಗೆಮನೆ ಬಾಗಿಲಿನ ಟೊಳ್ಳು ಸಿಕ್ಕಿದ್ದು ಅವರ ಕಿವಿಗೆ. ನನಗೆ ಕೇಳಿಸಿರಲೇ ಇಲ್ಲ. ಸುಮಾರು ಕಾಲು ಗಂಟೆಯ ಕೆಲಸ. ತಿಂಗಳಿಡೀ ಎದುರು ನೋಡುತ್ತೇನೆ.

ಕಂಪನಿಯ ವರ್ಷದ ತಪಾಸಣೆಗೆ ಇದರ ಮುಂದೆ ಬೆಲೆ ಇಲ್ಲ. ಬರುತ್ತಾರೆ, ಹಾಲ್‌ನಲ್ಲಿ ನಿಲ್ಲುತ್ತಾರೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅಟ್ಟ ಹತ್ತಿದವರನ್ನು ಕಂಡಿಲ್ಲ. ನೀವೇ ಏಣಿ ಇಟ್ಟುಕೊಡಿ.

ಮದ್ದಿಗೆ ಐದಕ್ಕೆ ಐದು. ಸೇವೆಗೆ ಎರಡು, ಅದೂ ಆ ಹುಡುಗನಿಗೆ. ವಾರಂಟಿ ಮುಗಿಯುವುದು 2026ರ ಡಿಸೆಂಬರ್‌ಗೆ. ಅವನನ್ನೇ ಕಳಿಸುತ್ತೇವೆ ಎಂದು ಬರೆದುಕೊಟ್ಟರೆ ನವೀಕರಿಸುತ್ತೇನೆ. ಚುಕ್ಕೆಗಳನ್ನು ರಜೆ ಸಿಕ್ಕಾಗ ಉಳಿಯಿಂದ ಕೆರೆದು ಕೆಂಪು ಸಿಮೆಂಟ್ ತುಂಬುತ್ತಿದ್ದೇನೆ. 31 ಆಗಿದೆ, 16 ಬಾಕಿ. ಹೋದ ಶನಿವಾರ ಅಮ್ಮ ಎಣ್ಣೆ ಬಟ್ಟೆ ಕೇಳಿ ತರಿಸಿಕೊಂಡರು.