ಹೊಸ ಆರ್15ರ ಮೊದಲ ಸಾವಿರ ಕಿಲೋಮೀಟರ್: ಸಿಟಿ, ಹೈವೇ, ಘಟ್ಟ

ರನ್ನಿಂಗ್ ಇನ್, ಅಂದರೆ ಹೊಸ ಬೈಕನ್ನು ಮೊದಲ ಸಾವಿರ ಕಿಲೋಮೀಟರ್ ಹದವಾಗಿ ಓಡಿಸಿ ಪಳಗಿಸುವುದು, ಅದನ್ನು ಮುಗಿಸೋಕೆ ಯಾವ ರಸ್ತೆ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಡಮಾಡದೆ ಹೇಳುತ್ತೇನೆ: ಏರಿಳಿತ, ತಿರುವು ಇರುವ ರಸ್ತೆ. ಸಿಟಿ ಎರಡನೆಯದು. ಹೈವೇ ಕೊನೆಯದು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಗಾಡಿ ಕೈಗೆ ಸಿಕ್ಕ ವಾರವೇ ಹೈವೇಗೆ ಇಳಿದು, ಸಾವಿರ ಕಿಲೋಮೀಟರ್ ಒಂದೇ ಏಟಿಗೆ ಮುಗಿಸಿಬಿಡೋಣ ಅನ್ನುತ್ತಾರೆ.

ನಾನು ಹೋಲಿಸಿದ್ದು ಎರಡು ಯಮಹಾ ಆರ್15 ವಿ4 ಗಾಡಿಗಳನ್ನು. ಒಂದು ತಮ್ಮನದು, ಬೆಂಗಳೂರಿನದು. ಅವನು ಪರೀಕ್ಷೆಯಲ್ಲಿ ಮುಳುಗಿದ್ದ ಕಾರಣ ಅದನ್ನು ದಿನಾ ಆಫೀಸಿಗೆ ಓಡಿಸಿ ಸಾವಿರ ದಾಟಿಸಿದವನು ನಾನೇ. ಇನ್ನೊಂದು ನನ್ನದು, ಹಾಸನಕ್ಕೆ ವಾಪಸಾದ ಮೇಲೆ ತಗೊಂಡದ್ದು. ಅದು ಅರ್ಧ ದೂರ ಓಡಿದ್ದು ಬೇಲೂರು, ಮೂಡಿಗೆರೆ ಕಡೆ. ಉಳಿದದ್ದು ಹಾಸನ-ಬೆಂಗಳೂರು ಹೈವೇಯಲ್ಲಿ. ಎಂಜಿನ್ ಒಂದೇ: 155 ಸಿಸಿ, ಲಿಕ್ವಿಡ್ ಕೂಲಿಂಗ್, 10,000 ಆರ್‌ಪಿಎಂನಲ್ಲಿ 18.4 ಪಿಎಸ್ ಶಕ್ತಿ (ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ). ಓಡಿಸಿದ ಕೈಯೂ ಒಂದೇ. ಬೇರೆ ಇದ್ದದ್ದು ರಸ್ತೆ ಮಾತ್ರ.

ಮೊದಲು ಒಂದು ಮಾತು. ಡೆಲಿವರಿ ಕೊಡುವಾಗ "ಸರ್, ಸಾವಿರ ಕಿಲೋಮೀಟರ್‌ವರೆಗೆ ನಲವತ್ತು ಐವತ್ತರಲ್ಲಿ ಓಡಿಸಿ" ಅಂತ ಹೇಳುವುದು ಎಲ್ಲ ಕಡೆ ರೂಢಿ. ಸ್ಪೋರ್ಟ್ಸ್ ಬೈಕಿಗೆ ಈ ಲೆಕ್ಕ ಹೊಂದುವುದಿಲ್ಲ. ಎಂಜಿನ್‌ಗೆ ಗೊತ್ತಾಗುವುದು ಆರ್‌ಪಿಎಂ, ಸ್ಪೀಡ್ ಅಲ್ಲ. ಆರ್15ರಲ್ಲಿ ಎರಡನೇ ಗೇರಿನಲ್ಲೇ 50 ಹೋದರೆ ಎಂಜಿನ್ 8,000 ದಾಟಿ ಕೂಗುತ್ತಿರುತ್ತದೆ. ಅದೇ ಗಾಡಿ ಆರನೇ ಗೇರಿನಲ್ಲಿ 40ರಲ್ಲಿದ್ದರೆ 3,000ದ ಹತ್ತಿರ ಎಳೆಯಲಾರದೆ ಒದ್ದಾಡುತ್ತದೆ. ಎರಡೂ "ನಲವತ್ತು ಐವತ್ತು" ತಾನೇ? ಎರಡೂ ಹೊಸ ಎಂಜಿನ್‌ಗೆ ಒಳ್ಳೆಯದಲ್ಲ. ಅದಕ್ಕೇ ನಾನು ಸ್ಪೀಡೋಮೀಟರ್ ಬಿಟ್ಟು ಆರ್‌ಪಿಎಂ ಬಾರ್ ನೋಡಿಕೊಂಡೇ ಓಡಿಸಿದೆ. ಮೊದಲು 5,000ದ ಒಳಗೆ, ಆಮೇಲೆ ನಿಧಾನಕ್ಕೆ 6,000. ಇದು ನಾನು ಹಾಕಿಕೊಂಡ ಗಡಿ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಕೆಟಿಎಂ 390 ಮ್ಯಾನುಯಲ್ ಮೊದಲ 1,000 ಕಿ.ಮೀ.ಗೆ 7,500 ಆರ್‌ಪಿಎಂ ಗಡಿ ಹಾಕುತ್ತದೆ. ಎಂಜಿನ್ ಬದಲಾದ ಹಾಗೆ ಗಡಿಯೂ ಬದಲಾಗುತ್ತದೆ.

ಈಗ ಸಿಟಿ. ತಮ್ಮನ ಗಾಡಿ ಹೆಚ್ಚಾಗಿ ಓಡಿದ್ದು ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಹೆಬ್ಬಾಳದ ಕಡೆಗೆ. ಸಿಟಿಯ ಒಳ್ಳೆಯ ಗುಣ ಏನಪ್ಪಾ ಅಂದ್ರೆ ಗೇರ್ ಬದಲಿಸುವುದು, ಬ್ರೇಕ್ ಹಿಡಿಯುವುದು ನಿಲ್ಲುವುದೇ ಇಲ್ಲ. ಆರ್‌ಪಿಎಂ ಒಂದೇ ಕಡೆ ನಿಲ್ಲುವ ಮಾತೇ ಇಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಅಸಿಸ್ಟ್ ಮತ್ತು ಸ್ಲಿಪ್ಪರ್ ಕ್ಲಚ್ ಆದ ಕಾರಣ ಲಿವರ್ ಹಗುರ, ಟ್ರಾಫಿಕ್‌ನಲ್ಲಿ ಎಡಗೈ ಸೋಲುವುದಿಲ್ಲ. ಹೊಸ ಗೇರ್‌ಬಾಕ್ಸ್‌ನಲ್ಲಿ ಗಾಡಿ ಪೂರ್ತಿ ನಿಂತ ಮೇಲೆ ನ್ಯೂಟ್ರಲ್ ಸಿಗುವುದು ಕಷ್ಟ. ಇನ್ನೂ ಸ್ವಲ್ಪ ಉರುಳುತ್ತಿರುವಾಗಲೇ ಎರಡರಿಂದ ಮೆಲ್ಲಗೆ ಒತ್ತಿದರೆ ಸುಲಭವಾಗಿ ಬೀಳುತ್ತದೆ. ಇದನ್ನು ಕಲಿಸಿದ್ದು ಸಿಗ್ನಲ್‌ಗಳೇ.

ಕೆಟ್ಟದ್ದು ಎರಡು. ಒಂದು, ಬಿಸಿ. ನಿಂತಲ್ಲೇ ನಿಂತು ರೇಡಿಯೇಟರ್ ಫ್ಯಾನ್ ಮತ್ತೆ ಮತ್ತೆ ಆನ್ ಆಗುತ್ತದೆ. ಬಿಸಿ ಗಾಳಿ ನೇರ ಮೊಣಕಾಲಿಗೆ ಹೊಡೆಯುತ್ತದೆ. ಹೊಸ ಎಂಜಿನ್ ಜಾಸ್ತಿ ಹೊತ್ತು ಸುಮ್ನೆ ಐಡಲ್‌ನಲ್ಲಿ ಕೂರುವುದು ಒಳ್ಳೆಯದಲ್ಲ, ಅದಕ್ಕೆ ದೊಡ್ಡ ಸಿಗ್ನಲ್‌ಗಳಲ್ಲಿ ಆಫ್ ಮಾಡುತ್ತಿದ್ದೆ. ಎರಡನೆಯದು ನನಗೆ ಸಾವಿರ ದಾಟಿದ ಮೇಲೆ ತಿಳಿಯಿತು. ಒಂದು, ಎರಡು, ಮೂರನೇ ಗೇರುಗಳು ನಯವಾಗಿದ್ದವು. ಐದು, ಆರು ಮಾತ್ರ ಮೊದಲಿನ ಹಾಗೇ ಬಿಗಿ. ಬಳಸಿದ್ದೇ ಕಡಿಮೆ, ಇನ್ನೇನಾಗುತ್ತದೆ?

ಹೈವೇಗೆ ಬರೋಣ. ಹಾಸನ, ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್, ನೆಲಮಂಗಲ. ರಸ್ತೆ ಚೆನ್ನಾಗಿದೆ, ಅದೇ ತೊಂದರೆ. ಆರನೇ ಗೇರಿನಲ್ಲಿ 5,000 ಆರ್‌ಪಿಎಂ ಅಂದರೆ ಸುಮಾರು 65 ಕಿ.ಮೀ. ಸ್ಪೀಡ್. ಅಷ್ಟರಲ್ಲೇ ಹೋದರೆ ಹಿಂದಿನಿಂದ ಬಸ್ಸು, ಲಾರಿ ಎಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಕಿವಿ ಎಂಜಿನ್ ಸದ್ದಿಗೆ ಹೊಂದಿಕೊಂಡ ಮೇಲೆ ಕೈ ತಾನಾಗಿಯೇ ಒಂದು ಜಾಗದಲ್ಲಿ ನಿಂತುಬಿಡುತ್ತದೆ. ಹೊಸ ಎಂಜಿನ್‌ಗೆ ಬೇಡವಾದ್ದು ಇದೇ. ಒಂದೇ ಆರ್‌ಪಿಎಂ, ಒಂದೇ ಭಾರ, ಗಂಟೆಗಟ್ಟಲೆ. ನಾನು ಆಗಾಗ ಐದಕ್ಕೆ ಇಳಿಸಿ, ಮತ್ತೆ ಆರಕ್ಕೆ ಏರಿಸಿ, ಥ್ರಾಟಲ್ ಬಿಟ್ಟು ಹಿಡಿದು ಓಡಿಸಿದೆ. ಆದರೂ ಅದು ಬಲವಂತದ ಕೆಲಸ, ರಸ್ತೆ ತಾನಾಗಿ ಮಾಡಿಸುವುದಿಲ್ಲ.

ಇನ್ನೊಂದು, ಮಣಿಕಟ್ಟು. ಕ್ಲಿಪ್-ಆನ್, ಅಂದರೆ ತಗ್ಗಿನಲ್ಲಿ ಕೂರಿಸಿದ, ಹ್ಯಾಂಡಲ್‌ನ ಗಾಡಿಗೆ ಹೊಸಬರು ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕುತ್ತಾರೆ. ನೇರ ರಸ್ತೆಯಲ್ಲಿ ಮೈ ಅಲ್ಲಾಡಿಸುವ ಅವಕಾಶವೇ ಇಲ್ಲದ ಕಾರಣ ಕುಣಿಗಲ್ ಬರುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ರನ್ನಿಂಗ್ ಇನ್ ಮಾಡೋಣ ಅನ್ನುವವರಿಗೆ: 2023ರ ಆಗಸ್ಟ್ 1ರಿಂದ ಅಲ್ಲಿ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ.

ಘಟ್ಟದ ಕಡೆ ಹೋದಾಗ ಗಾಡಿ ನನ್ನದಾಯಿತು. ಬೇಲೂರು ದಾಟಿ ಮೂಡಿಗೆರೆ ದಾರಿ ಹಿಡಿದರೆ ಕಾಫಿ ತೋಟದ ನಡುವೆ ಸಣ್ಣ ಸಣ್ಣ ಏರು, ಇಳಿಜಾರು, ತಿರುವು. ಮೂರನೇ ಗೇರಿನಲ್ಲಿ 40ರ ಸುತ್ತ ಹೋದರೆ 5,000 ಆರ್‌ಪಿಎಂ. ಏರು ಬಂದಾಗ ಥ್ರಾಟಲ್ ಸ್ವಲ್ಪ ಜಾಸ್ತಿ, ಇಳಿಜಾರಿನಲ್ಲಿ ಪೂರ್ತಿ ಬಿಟ್ಟು ಎಂಜಿನ್ ಬ್ರೇಕಿಂಗ್. ಸ್ಪೀಡ್ ಕಡಿಮೆ, ಆದರೆ ಎಂಜಿನ್ ಕೆಲಸ ಮಾಡುತ್ತಿರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಒತ್ತಿ ಕೂರುವುದು ಬರೀ ತನ್ನ ಸ್ಪ್ರಿಂಗ್ ಬಲದಿಂದ ಅಲ್ಲ. ಪೆಟ್ರೋಲ್ ಉರಿದಾಗ ಏಳುವ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ತಳ್ಳುತ್ತದೆ. ಸ್ವಲ್ಪ ಭಾರ ಬಿದ್ದರೇನೇ ಆ ಒತ್ತಡ ಚೆನ್ನಾಗಿ ಸಿಗುವುದು. ಆಗ ರಿಂಗ್, ಗೋಡೆ ಎರಡರ ಮೇಲಿನ ಕಣ್ಣಿಗೆ ಕಾಣದ ಉಬ್ಬುಗಳು ಸವೆದು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ತೀರಾ ಮೆತ್ತಗೆ ಓಡಿಸಿದರೆ ರಿಂಗ್ ಸರಿಯಾಗಿ ಕೂರುವುದಿಲ್ಲ, ತೀರಾ ಹೊಡೆದರೆ ಬಿಸಿ ಜಾಸ್ತಿಯಾಗುತ್ತದೆ. ಏರಿನಲ್ಲಿ ಭಾರ, ಇಳಿಜಾರಿನಲ್ಲಿ ಬಿಡುವು. ಘಟ್ಟದ ರಸ್ತೆ ಇದನ್ನು ಕೇಳದೆಯೇ ಕೊಡುತ್ತದೆ.

ಕೈಗೂ ಅಷ್ಟೇ ಲಾಭ. ತಿರುವಿಗೆ ಮುಂಚೆ ಗೇರ್ ಇಳಿಸಿದಾಗ ಸ್ಲಿಪ್ಪರ್ ಕ್ಲಚ್ ಹೇಗೆ ಹಿಂಚಕ್ರ ಜಿಗಿಯದ ಹಾಗೆ ತಡೆಯುತ್ತದೆ ಅಂತ ಗೊತ್ತಾಗಿದ್ದು ಇಲ್ಲೇ. ಮೊಣಕಾಲಿನಿಂದ ಟ್ಯಾಂಕ್ ಅಪ್ಪಿ ಹಿಡಿದರೆ ಅಂಗೈ ಹಗುರಾಗುತ್ತದೆ, ಹ್ಯಾಂಡಲ್ ತಾನಾಗಿ ತಿರುಗುತ್ತದೆ. ಹೈವೇಯಲ್ಲಿ ಬೆರಳು ಜೋಮು ಹಿಡಿಸಿದ ಅದೇ ಗಾಡಿಯಲ್ಲಿ ಕೊಟ್ಟಿಗೆಹಾರದವರೆಗೆ ಹೋಗಿ, ನೀರು ದೋಸೆ ತಿಂದು ವಾಪಸ್ ಬಂದರೂ ಮಣಿಕಟ್ಟು ನೋಯಲಿಲ್ಲ. ಕೂರುವ ರೀತಿ ಬದಲಾಗಿತ್ತು ಅಷ್ಟೆ.

ಘಟ್ಟಕ್ಕೆ ಒಂದು ಷರತ್ತು ಇದೆ, ಇದನ್ನು ಮರೆಯಬೇಡಿ. ಹೊಸ ಟೈರ್ ಮೇಲ್ಮೈ ನುಣುಪು. ಮೊದಲ ನೂರು ನೂರೈವತ್ತು ಕಿ.ಮೀ. ಬಾಗಿಸುವುದು ಬೇಡವೇ ಬೇಡ. ನಾನು ಆ ದೂರವನ್ನು ಹಾಸನದ ಸುತ್ತಮುತ್ತಲೇ ಮುಗಿಸಿದೆ. ಬ್ರೇಕ್ ಪ್ಯಾಡ್ ಡಿಸ್ಕಿಗೆ ಹೊಂದುವ ಹಾಗೆ ಕೂರಿಸಿದ್ದೂ ಅಲ್ಲೇ. ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆ ನೋಡಿ, 50ರಿಂದ 15ಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ನಡುವೆ ಡಿಸ್ಕ್ ಆರಲು ಬಿಡುವುದು. ಮೊದಲು ಲಿವರ್ ಒತ್ತಿದರೂ ಗಾಡಿ ನಿಧಾನಕ್ಕೆ ನಿಲ್ಲುತ್ತಿತ್ತು, ಆಮೇಲೆ ಎರಡು ಬೆರಳು ಸಾಕಾಯಿತು. ಇದಾಗದೆ ಇಳಿಜಾರಿಗೆ ಹೋಗಬಾರದು. ಹಾಗೇ ಮಳೆಗಾಲದಲ್ಲಿ ಹೊಸ ಟೈರ್ ಹಾಕಿಕೊಂಡು ಚಾರ್ಮಾಡಿ ಇಳಿಯುವ ಆಸೆ ಬೇಡ.

"ಶೋರೂಮಿನಿಂದ ಹೊರಟ ತಕ್ಷಣ ಪೂರ್ತಿ ತಿರುಚು, ಆಗಲೇ ರಿಂಗ್ ಚೆನ್ನಾಗಿ ಕೂರೋದು" ಅನ್ನುವ ವಾದವೂ ಇದೆ. ರಿಂಗಿಗೆ ಭಾರ ಬೇಕು ಅನ್ನುವಷ್ಟು ನಿಜ. ಆದರೆ ಭಾರ ಬೇರೆ, ಆರ್‌ಪಿಎಂ ಗರಿಷ್ಠ ಮಿತಿಯ ಕೆಂಪು ಗೆರೆ ಬೇರೆ. ಮೇಲಾಗಿ ಟೈರ್ ನುಣುಪು, ಪ್ಯಾಡ್ ಕೂತಿಲ್ಲ, ಗಾಡಿ ಹೇಗೆ ತಿರುಗುತ್ತದೆ ಅಂತ ಸವಾರನಿಗೆ ಗೊತ್ತಿಲ್ಲ. ಈ ಮೂರೂ ಸೇರಿದ ದಿನ ಪೂರ್ತಿ ಥ್ರಾಟಲ್ ಕೊಡುವುದು ಎಂಜಿನ್‌ಗಿಂತ ಮೊದಲು ಸವಾರನಿಗೆ ಅಪಾಯ. ನಾನು ಇದನ್ನು ಮಾಡಿಲ್ಲ, ಯಾರಿಗೂ ಮಾಡಿ ಅನ್ನುವುದಿಲ್ಲ.

ಎಂಜಿನ್ ಮಟ್ಟಿಗೆ ಎರಡು ಗಾಡಿಗಳಲ್ಲಿ ವ್ಯತ್ಯಾಸ ಇದೆಯಾ? ನನ್ನ ಕೈಗೆ, ಕಿವಿಗೆ ತಿಳಿದ ಮಟ್ಟಿಗೆ ಇಲ್ಲ. ಹೊಗೆ ಇಲ್ಲ, ಎಣ್ಣೆ ಕುಡಿಯುವುದಿಲ್ಲ. ಈಗಿನ ಕಾರ್ಖಾನೆಗಳು ಬಿಡಿಭಾಗಗಳನ್ನು ಅಷ್ಟು ನಯವಾಗಿ ಕೊರೆಯುತ್ತವೆ. ಆರ್15ರ ಡಯಾಸಿಲ್ ಸಿಲಿಂಡರ್ ಸಿಲಿಕಾನ್ ಬೆರೆಸಿದ ಅಲ್ಯುಮಿನಿಯಂನದು, ಒಳಗೆ ಕಬ್ಬಿಣದ ಕೊಳವೆ ಇಲ್ಲ, ಬಿಸಿ ಬೇಗ ಹೊರಗೆ ಹೋಗುತ್ತದೆ. ವ್ಯತ್ಯಾಸ ಕಂಡಿದ್ದು ಗೇರ್‌ಬಾಕ್ಸಿನಲ್ಲಿ ಮತ್ತು ನನ್ನ ಸವಾರಿಯಲ್ಲಿ. ತಮ್ಮನ ಗಾಡಿಯಲ್ಲಿ ಸಾವಿರ ದಾಟಿದ ಮೇಲೂ ತಿರುವಿನಲ್ಲಿ ನಾನು ಹೊಸಬನೇ. ನನ್ನ ಗಾಡಿಯಲ್ಲಿ ಹಾಗಿರಲಿಲ್ಲ.

1,000 ಕಿ.ಮೀ.ಗೆ ಎಣ್ಣೆ ಬದಲಿಸುವುದನ್ನು ಮಾತ್ರ ಯಾವ ರಸ್ತೆಯಲ್ಲಿ ಓಡಿಸಿದವರೂ ಮುಂದಕ್ಕೆ ಹಾಕಬಾರದು. ನನ್ನ ಗಾಡಿಯಿಂದ ಟ್ರೇಗೆ ಇಳಿದ ಎಣ್ಣೆಗೆ ಟಾರ್ಚ್ ಹಿಡಿದು ನೋಡಿದೆ. ಬೆಳ್ಳಿ ಪುಡಿ ಕಲಸಿದ ಹಾಗೆ ಮಿನುಗುತ್ತಿತ್ತು. ಸವೆದ ಲೋಹವೆಲ್ಲ ಅದರಲ್ಲೇ ಇರುತ್ತದೆ. ಫಿಲ್ಟರ್ ಕೂಡ ಜೊತೆಗೇ ಬದಲಾಗಬೇಕು. ಬೈಕಿಗೆ ಕಾರಿನ ಎಣ್ಣೆ ಹಾಕಬೇಡಿ, ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವ ಕಾರಣ ಜಾರಲು ಶುರುವಾಗುತ್ತದೆ. ಚೈನ್ ಹೊಸದರಲ್ಲಿ ಬೇಗ ಸಡಿಲ ಆಗುತ್ತದೆ, ಅದನ್ನೂ ಆಗಲೇ ನೋಡಿಸಿ.

ಸರ್ವಿಸ್ ಆದ ಮೇಲೂ ಒಮ್ಮೆಲೇ ಮೇಲಕ್ಕೆ ಹೋಗಲಿಲ್ಲ. ಸ್ವಲ್ಪ ಸ್ವಲ್ಪವೇ ಏರಿಸಿದೆ. 7,400 ಆರ್‌ಪಿಎಂಗೆ ವಿವಿಎ (ಎಂಜಿನ್‌ನ ವಾಲ್ವ್ ತೆರೆಯುವ ರೀತಿಯನ್ನು ಬದಲಿಸುವ ವ್ಯವಸ್ಥೆ) ಆನ್ ಆಗಿ, ಡಿಸ್ಪ್ಲೇಯಲ್ಲಿ ಆ ಮೂರು ಅಕ್ಷರ ಬಂದಾಗ ಗಾಡಿಯ ದನಿಯೇ ಬೇರೆ. ಅಲ್ಲಿಂದ ಮೇಲೆ ಆರ್15 ಅಂದರೆ ಏನು ಅಂತ ತಿಳಿಯುತ್ತದೆ. ಅದಕ್ಕೆ ಮೊದಲು ಕೈ ತಯಾರಿರಬೇಕು.

ಘಟ್ಟ ದೂರ ಅನ್ನುವವರು ಚಿಂತಿಸಬೇಕಾಗಿಲ್ಲ. ಬೆಂಗಳೂರಿನವರಿಗೆ ಭಾನುವಾರ ಬೆಳಗಿನ ಜಾವ ಮಾಗಡಿ, ಸಾವನದುರ್ಗದ ರಸ್ತೆ ಇದೆ. ತುಮಕೂರಿನವರಿಗೆ ದೇವರಾಯನದುರ್ಗ, ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಹುಬ್ಬಳ್ಳಿಯವರಿಗೆ ಯಲ್ಲಾಪುರದ ಕಡೆ. ಉಡುಪಿ ಕಡೆಯವರು ಆಗುಂಬೆಯನ್ನು ಕೊನೆಗಿಡಿ. ಅಲ್ಲಿಯ ಹೇರ್‌ಪಿನ್ ತಿರುವುಗಳು ತೀರಾ ಕಡಿದು, ಬಸ್ಸು ಬಂದರೆ ಜಾಗವಿಲ್ಲ. ಟೈರ್, ಬ್ರೇಕ್ ಎರಡೂ ಪಳಗಿದ ಮೇಲೆ ಹೋಗಿ.