ಆಂಬುಲೆನ್ಸ್ ತಂಡಕ್ಕೆ ಯಾವುದು ಸರಿ: ಫ್ರೇಲ್ಟಿ ಸ್ಕೇಲಾ, ಪ್ರಿಸ್ಮಾ-7 ಪ್ರಶ್ನೆಗಳಾ?

ವಯಸ್ಸಾದವರೊಬ್ಬರು ಮನೆಯಲ್ಲಿ ಬಿದ್ದಿದ್ದಾರೆ. ಮೂಳೆ ಮುರಿದಿಲ್ಲ, ಬಿಪಿ ಸರಿಯಿದೆ. ಹಾಗಂತ ಸುಮ್ನೆ ಬಿಟ್ಟು ಬರಲಾಗದು, ಅಲ್ವಾ? ದೇಹ ಎಷ್ಟು ನಿತ್ರಾಣವಾಗಿದೆ (ಇದಕ್ಕೇ ಫ್ರೇಲ್ಟಿ ಎನ್ನುವುದು) ಎಂದು ಪ್ಯಾರಾಮೆಡಿಕ್, ಅಂದರೆ ಆಂಬುಲೆನ್ಸ್‌ನ ತುರ್ತು ಚಿಕಿತ್ಸಾ ಸಿಬ್ಬಂದಿ, ನೋಡಬೇಕು.

ನಿತ್ರಾಣವನ್ನು ಹಂತಗಳಲ್ಲಿ ಅಳೆಯುವ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಕೆನಡಾದ್ದು, 2005ರಲ್ಲಿ ಪ್ರಕಟವಾಯಿತು. ಆಗ 7 ಹಂತ, ಈಗ 9. ಇಲ್ಲಿ ಮುಖ್ಯ ಗುಟ್ಟು ಒಂದಿದೆ: ಇವತ್ತಿನ ಸ್ಥಿತಿಗಲ್ಲ, ಸುಮಾರು 2 ವಾರದ ಹಿಂದೆ ಹೇಗಿದ್ದರು ಎಂಬುದಕ್ಕೆ ಅಂಕ ಕೊಡಬೇಕು. ಜ್ವರ ಬಂದು ಮಲಗಿದವರೆಲ್ಲ ನಿತ್ರಾಣರಾಗಿಯೇ ಕಾಣುತ್ತಾರೆ. ಹಾಗಾಗಿ ಮನೆಯವರನ್ನು ಕೇಳಿ: ಸ್ನಾನ ತಾವೇ ಮಾಡುತ್ತಿದ್ದರಾ? ಹಣಕಾಸು, ಮಾತ್ರೆ ನೋಡಿಕೊಳ್ಳುತ್ತಿದ್ದರಾ? ಮನೆಯ ಒಳಗೆ ಬಂದಾಗಲೇ ಅರ್ಧ ಉತ್ತರ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯ ವೈದ್ಯರಿಗೆ ಈ ನೋಟ ಸಿಗುವುದಿಲ್ಲ. ಆದರೆ 65 ವರ್ಷ ತುಂಬದವರಿಗೆ ಇದನ್ನು ಬಳಸಬೇಡಿ.

ಪ್ರಿಸ್ಮಾ-7 ಕೂಡ ನಿತ್ರಾಣ ಪತ್ತೆಗೇ; ಅದರಲ್ಲಿ ಹೌದು-ಇಲ್ಲ ಎನ್ನುವ 7 ಪ್ರಶ್ನೆಗಳು. 3 ಅಥವಾ ಜಾಸ್ತಿ ಅಂಕ ಬಂದರೆ ಮುಂದಿನ ತಪಾಸಣೆ ಬೇಕು. ಕಲಿಯುವುದು ಸುಲಭ. ಆದರೆ ಗಂಡಸಾಗಿದ್ದರೆ ಅದಕ್ಕೇ ಒಂದು ಅಂಕ! ಎಷ್ಟು ನಿತ್ರಾಣ ಎಂಬುದೂ ಇದರಲ್ಲಿ ತಿಳಿಯದು.

4 ಮೀಟರ್ ನಡೆಸಿ ವೇಗ ನೋಡುವ ಪರೀಕ್ಷೆಯೂ ಇದೆ. ಈಗಷ್ಟೇ ಬಿದ್ದವರನ್ನು ನಡೆಸುವುದು ಹೇಗೆ?

ತುರ್ತು ಕರೆಗಳೇ ಜಾಸ್ತಿ ಇರುವ ತಂಡಕ್ಕೆ ನನ್ನ ಆಯ್ಕೆ ಫ್ರೇಲ್ಟಿ ಸ್ಕೇಲ್. ಮನೆ ಭೇಟಿಗೆ ಸಮಯವಿದ್ದು, ಸಿಬ್ಬಂದಿ ಹೊಸಬರಾಗಿದ್ದರೆ ಪ್ರಿಸ್ಮಾ-7 ಸಾಕು.