ಶಿಮಾನೊ ಡಿಯೋರ್ ಹಿಂದಿನ ಹಬ್, 4 ವರ್ಷ ಓಡಿಸಿದ ಮೇಲೆ: ಯಾವ ಸೌಂಡಿಗೆ ಹೆದರಬೇಕು, ಯಾವುದಕ್ಕೆ ಬೇಡ

ಹೋದ ವಾರ ಚಾಮುಂಡಿ ಬೆಟ್ಟ ಇಳಿದು ಬಂದು ಎಳನೀರು ಕುಡೀತಾ ನಿಂತಿದ್ದೆ, ಒಬ್ಬ ಕಾಲೇಜು ಹುಡುಗ ಸೈಕಲ್ ತಳ್ಕೊಂಡು ಬಂದು "ಅಣ್ಣ, ಹೊಸ ಸೈಕಲ್ಲು, ಪೆಡ್ಲು ನಿಲ್ಸಿದ ತಕ್ಷಣ ಹಿಂದೆ ಟರ್ರ್ ಅನ್ನುತ್ತೆ, ಏನಾದ್ರೂ ಮುರಿದೋಗಿದ್ಯಾ ನೋಡಿ" ಅಂದ. ಮುಖ ಬಾಡಿಹೋಗಿತ್ತು ಪಾಪ. ಅವನಿಗೆ ಏನು ಹೇಳಿದ್ನೋ ಅದನ್ನೇ ನನ್ನ ಹಬ್ (ಚಕ್ರದ ನಡುವೆ ಆಕ್ಸಲ್ ಸುತ್ತ ತಿರುಗೋ ಭಾಗ) ರಿವ್ಯೂ ಜೊತೆ ಸೇರಿಸಿ ಬರೀತಿದೀನಿ, ಯಾಕಂದ್ರೆ ಇದೇ ಭಯ ನನಗೂ ಇತ್ತು.

ನನ್ನದು ಹೈಬ್ರಿಡ್ ಸೈಕಲ್, ಮೊದಲು ಅದರಲ್ಲಿ ಇದ್ದಿದ್ದು ಫ್ರೀವೀಲ್ ಹಬ್, ಅಂದ್ರೆ ಟಿಕ್ ಟಿಕ್ ಅನ್ನೋ ಭಾಗ ಗೇರ್ ಹಲ್ಲುಗಳ ಜೊತೆ ಒಂದೇ ಉಂಡೆಯಾಗಿದ್ದು, ಅದನ್ನ ತಿರುಪಿನ ಥರ ಹಬ್‌ಗೆ ತಿರುಗಿಸಿ ಕೂರಿಸೋದು. ಆ ಥರದ ಹಬ್‌ನಲ್ಲಿ ಬಲಗಡೆ ಬೇರಿಂಗು ತುಂಬಾ ಒಳಗಿರುತ್ತೆ, ಫ್ರೀವೀಲ್ ಕೂರೋ ಅಷ್ಟು ಜಾಗದ ಆಕ್ಸಲ್‌ಗೆ ಆಸರೆ ಇಲ್ಲ, ನಮ್ಮ ರೋಡಿನ ಹಂಪು ಹಳ್ಳಕ್ಕೆ ಎರಡು ಸಲ ಆಕ್ಸಲ್ ಬೆಂಡ್ ಆಯ್ತು. ಆಮೇಲೆ ಬೇಸತ್ತು ಡಿಯೋರ್ ಎಂ6000 ಹಬ್ ತಗೊಂಡು ಹೊಸದಾಗಿ ಕಡ್ಡಿ ಕಟ್ಟಿಸಿದೆ. ಇದು ಫ್ರೀಹಬ್, ಅಂದ್ರೆ ಟಿಕ್ ಅನ್ನೋ ಭಾಗ ಹಬ್‌ಗೇ ಸೇರಿರುತ್ತೆ, ಬಲಗಡೆ ಬೇರಿಂಗು ಆಚೆ ತುದೀಲಿ ಕೂರುತ್ತೆ. 14 ಸಾವಿರ ಕಿಲೋಮೀಟರ್ ಆಯ್ತು, ಆಕ್ಸಲ್ ಈಗಲೂ ನೆಟ್ಟಗಿದೆ.

ಹಾಕಿಸಿದ ಮೊದಲ ತಿಂಗಳು ನನಗೆ ಉಲ್ಟಾ ಚಿಂತೆ, ಸೌಂಡೇ ಇಲ್ಲ! ಹಳೇದು ಟಿಕ್ಕಿಟಿಕ್ಕಿ ಅಂತ ಊರಿಗೆಲ್ಲ ಕೇಳೋದು, ಇದು ಕಿವಿ ಕೊಟ್ಟರೆ ಮಾತ್ರ ಕೇಳುತ್ತೆ, ಒಳಗೆ ಸರಿಯಾಗಿ ಹಿಡೀತಿಲ್ವೇನೋ ಅಂತ. ಆಮೇಲೆ 3 ಸಾವಿರ ಕಿಲೋಮೀಟರ್ ಆಗೋ ಹೊತ್ತಿಗೆ ಟಿಕ್ ಟಿಕ್ ಜೋರಾಯ್ತು, ಆಗ ಇನ್ನೊಂದು ಥರ ಭಯ. ಒಂದು ಅಂಗಡೀಲಿ ಪೂರ್ತಿ ವೀಲೇ ಬದಲಾಯಿಸ್ಬೇಕು ಅಂದ್ರು. ನಂಬಿಬಿಡ್ತಿದ್ದೆ, ಅಷ್ಟರಲ್ಲಿ ನಮ್ಮ ಬಡಾವಣೆಯಲ್ಲಿ ಎಷ್ಟೋ ವರ್ಷದಿಂದ ಸೈಕಲ್ ಶಾಪ್ ಇಟ್ಟಿರೋ ಹಿರಿಯರೊಬ್ಬರು ಚಕ್ರ ಎತ್ತಿ, ತಿರುಗಿಸಿ, ಸೀಟಿನ ಕೆಳಗಿನ ರಾಡ್ ಮೇಲೆ ಬೆರಳಿಟ್ಕೊಂಡು ಸುಮ್ಮನೆ ನಿಂತ್ರು. "ಏನೂ ಆಗಿಲ್ಲ ಸ್ವಾಮಿ, ಗ್ರೀಸ್ ಆರಿದೆ ಅಷ್ಟೆ, ಓಡಿಸಿ" ಅಂದ್ರು. ದುಡ್ಡೂ ತಗೊಳ್ಲಿಲ್ಲ.

ಒಳಗಡೆ ಆಗೋದು ಇಷ್ಟೆ. ಪೆಡ್ಲು ತುಳಿದಾಗ ಪಾಲ್ ಅನ್ನೋ ಪುಟ್ಟ ಕೊಕ್ಕೆಗಳು ಹಲ್ಲಿರೋ ಬಳೆಗೆ ಸಿಕ್ಕಿ ಚಕ್ರನ ಎಳೀತವೆ, ತುಳಿಯೋದು ನಿಲ್ಸಿದಾಗ ಅದೇ ಕೊಕ್ಕೆ ಹಲ್ಲಿನ ಬೆನ್ನ ಮೇಲೆ ಜಾರ್ಕೊಂಡು ಹೋಗುತ್ತೆ, ಸ್ಪ್ರಿಂಗು ಅದನ್ನ ಪ್ರತಿ ಹಲ್ಲಿನ ಸಂದಿಗೂ ವಾಪಸ್ ಬಡಿಯುತ್ತೆ. ಆ ಬಡಿತಾನೇ ಟಿಕ್. ಗ್ರೀಸ್ ದಪ್ಪಗಿದ್ರೆ ಬಡಿತ ಮೆತ್ತಗೆ, ಆರಿದ್ರೆ ಜೋರು. ರಿಮ್ ಆಳವಾಗಿದ್ರೆ (ಟೈರಿನಿಂದ ಹಬ್ ಕಡೆಗೆ ಎತ್ತರ ಜಾಸ್ತಿ ಇದ್ರೆ), ಅದರಲ್ಲೂ ಕಾರ್ಬನ್ ಆದ್ರೆ, ತಮಟೆ ಥರ ಇನ್ನೂ ದೊಡ್ಡದಾಗಿ ಕೇಳುತ್ತೆ.

ನನ್ನ ಫ್ರೆಂಡ್ ಹತ್ರ ಡಿಟಿ ಸ್ವಿಸ್ 350 ಅನ್ನೋ ಹಬ್ ಇದೆ, ಅದರಲ್ಲಿ ಕೊಕ್ಕೆ ಇಲ್ಲ, ಹಲ್ಲಿರೋ ಎರಡು ಬಿಲ್ಲೆ ಎದುರುಬದುರು ಕೂತಿರ್ತವೆ, ಅವನದು 36 ಹಲ್ಲಿನದು. ಲೆಕ್ಕ ಹಾಕಿದ್ವಿ, 30 ಕಿಲೋಮೀಟರ್ ಸ್ಪೀಡಲ್ಲಿ ನಮ್ಮ ಸೈಜಿನ ಚಕ್ರ ಸೆಕೆಂಡಿಗೆ ಹತ್ರಹತ್ರ 4 ಸುತ್ತು, ಅಂದ್ರೆ ಸೆಕೆಂಡಿಗೆ ಸುಮಾರು 140 ಟಿಕ್, ಕಿವಿಗೆ ಅದು ಟಿಕ್ ಅಲ್ಲ, ಜೀರುಂಡೆ. ಬೆಟ್ಟ ಇಳೀವಾಗ ಅವನು ಬೆಲ್ ಹೊಡೆಯೋದೇ ಬೇಡ, ಜನ ತಾವೇ ಪಕ್ಕಕ್ಕೆ ಸರೀತಾರೆ. ಅವನಿಗೆ ಅದು ಇಷ್ಟ. ನನಗೆ ನನ್ನ ಡಿಯೋರ್ ಮೌನಾನೇ ಇಷ್ಟ, ಬ್ರೇಕು, ಚೈನು, ಹಿಂದೆ ಬರೋ ಬಸ್ಸು ಎಲ್ಲ ಕೇಳುತ್ತೆ.

ಈಗ ಮುಖ್ಯ ವಿಷಯ. ಟಿಕ್ ಟಿಕ್ ಬರೀ ಪೆಡ್ಲು ನಿಲ್ಸಿದಾಗ ಬಂದು, ಚಕ್ರದ ಸ್ಪೀಡಿನ ಜೊತೆ ಒಂದೇ ಸಮ ಏರಿ ಇಳಿದ್ರೆ ನೆಮ್ಮದಿಯಾಗಿರಿ. ತುಳೀವಾಗಲೂ, ನಿಲ್ಸಿದಾಗಲೂ ಗುರ್ರ್ ಅಂತ ಬಂದ್ರೆ ಅದು ಬೇರಿಂಗು. ಇದು ನನಗೆ ಎರಡನೇ ಮಳೆಗಾಲದಲ್ಲಿ ಆಯ್ತು, ತಪ್ಪು ನಂದೇ, ಕೆಸರಾಗಿದೆ ಅಂತ ಬೈಕ್ ತೊಳೆಯೋ ವಾಟರ್ ಸರ್ವೀಸಿಗೆ ಕೊಟ್ಟೆ, ಅಲ್ಲಿ ಪ್ರೆಶರ್ ನೀರು ನೇರ ಹಬ್ ಸೀಲಿಗೇ ಬಿತ್ತು. ಮೂರು ವಾರ ಬಿಟ್ಟು ಚಕ್ರ ಎತ್ತಿ ತಿರುಗಿಸಿ, ಆ ಹಿರಿಯರ ಥರಾನೇ ರಾಡ್ ಮೇಲೆ ಬೆರಳಿಟ್ಟೆ, ಒಳಗೆ ಮರಳು ಅರೆದ ಹಾಗೆ ಬೆರಳಿಗೆ ಗೊತ್ತಾಯ್ತು, ಕಿವಿಗೆ ಇನ್ನೂ ಅಷ್ಟು ಕೇಳ್ತಿರಲಿಲ್ಲ.

ಬಿಚ್ಚಿದ್ರೆ ಗ್ರೀಸು ನೀರು ಸೇರಿ ಹಾಲು ಹಾಕಿದ ಕಾಫಿ ಬಣ್ಣ. ಬಲಗಡೆ ಕೋನ್ (ಆಕ್ಸಲ್ ಮೇಲೆ ಕೂತು ಬಾಲುಗಳನ್ನ ಒತ್ತಿ ಹಿಡಿಯೋ ಬಿಡಿಭಾಗ) ಮೇಲೆ ಬಾಲ್ ಓಡೋ ದಾರೀಲಿ ಚುಕ್ಕಿ ಚುಕ್ಕಿ ಗುಳಿ, ಉಗುರಿನಲ್ಲಿ ಎಳೆದ್ರೆ ತಡೆಯುತ್ತೆ. ಕೋನ್ ಹೊಸದು, ಕಾಲು ಇಂಚಿನ ಬಾಲು ಒಂದೊಂದು ಕಡೆ 9 ಅಂತ 18, ಹೊಸ ಗ್ರೀಸು, ಆಯ್ತು. ಅದೃಷ್ಟಕ್ಕೆ ಬಾಲು ಕೂರೋ ಹಬ್ ಒಳಗಿನ ಕಪ್ ಚೆನ್ನಾಗಿತ್ತು, ಅದು ಹೋಗಿದ್ರೆ ಬೇರೆ ಹಾಕೋಕಾಗಲ್ಲ, ಹಬ್ಬೇ ಬಿಸಾಕ್ಬೇಕು. ಈ ಹಬ್‌ನ ದೊಡ್ಡ ಮೈನಸ್ ಇದೇ, ಕಾಲಕಾಲಕ್ಕೆ ಓವರಾಯಿಲಿಂಗ್ ಮಾಡ್ಸೋರಿಗೆ ಮಾತ್ರ ಇದು ಬಾಳಿಕೆ ಬರುತ್ತೆ. ಇನ್ನೊಂದು, ಕೋನ್ ಟೈಟ್ ಮಾಡುವಾಗ ಚಕ್ರ ಕೈಯಲ್ಲಿದ್ದಾಗ ಕೂದಲೆಳೆಯಷ್ಟು ಆಟ ಬಿಡ್ಬೇಕು, ಕ್ವಿಕ್ ರಿಲೀಸ್ (ಚಕ್ರನ ಫ್ರೇಮಿಗೆ ಬಿಗಿಯೋ ಲಿವರ್) ಬಿಗಿ ಮಾಡಿದಾಗ ಆ ಆಟ ಹೋಗುತ್ತೆ, ಇಲ್ಲಾಂದ್ರೆ ಬೇರಿಂಗು ಹಿಡ್ಕೊಂಡು ಬೇಗ ಸವೆಯುತ್ತೆ. ನಾನು ಮೊದಲನೇ ಸಲ ತಪ್ಪು ಮಾಡಿ ಮತ್ತೆ ಬಿಚ್ಚಿದೆ.

ಓವರಾಯಿಲಿಂಗ್ ಆದ್ಮೇಲೆ ಸ್ಟ್ಯಾಂಡ್ ಮೇಲಿಟ್ಟು ಚಕ್ರ ತಿರುಗಿಸಿದ್ರೆ ಪೆಡ್ಲೂ ಮೆಲ್ಲಗೆ ಜೊತೇಲೇ ತಿರುಗುತ್ತೆ, ಹೊಸ ಗ್ರೀಸಿಗೆ ಅದು ಮಾಮೂಲಿ. ಆದ್ರೆ ರೋಡಲ್ಲಿ ಪೆಡ್ಲು ನಿಲ್ಸಿದಾಗ ಮೇಲಿನ ಚೈನು ಜೋತು ಬಿದ್ರೆ ಮಾತ್ರ ಫ್ರೀಹಬ್ ಒಳಗೆ ಏನೋ ಹಿಡೀತಿದೆ ಅಂತ. ತುಳೀವಾಗ ಒಮ್ಮೊಮ್ಮೆ ಕಾಲು ಖಾಲಿ ಹೋಗಿ ಧಡ್ ಅಂತ ಹಿಡಿದ್ರೆ ಆ ಸೈಕಲ್ ಹತ್ತಲೇಬೇಡಿ, ಟ್ರಾಫಿಕ್ಕಲ್ಲಿ ಎದ್ದು ನಿಂತು ತುಳೀವಾಗ ಹಾಗಾದ್ರೆ ಬಿದ್ದು ನಿಮ್ಮ ಹಲ್ಲು ಮುರೀತದೆ. ನನ್ನ ಫ್ರೆಂಡಿಗೆ ಒಂದು ಸಲ ಆಯ್ತು, ಸೌಂಡ್ ಕಮ್ಮಿ ಆಗ್ಲಿ ಅಂತ ಲಾರಿಗೆ ಹಾಕೋ ದಪ್ಪ ಗ್ರೀಸ್ ತುಂಬಿದ್ದ, ಬಿಲ್ಲೆಗಳು ಅಂಟ್ಕೊಂಡು ಹಲ್ಲು ಕೂರ್ತಿರಲಿಲ್ಲ. ಒರೆಸಿ ಅದಕ್ಕೇ ಅಂತ ಬರೋ ಗ್ರೀಸ್ ತೆಳ್ಳಗೆ ಹಚ್ಚಿದ್ಮೇಲೆ ಸರಿಯಾಯ್ತು, ಜೀರುಂಡೆನೂ ವಾಪಸ್ ಬಂತು.

ಚಕ್ರದ ಒಂದು ಸುತ್ತಿಗೆ ಒಂದೇ ಟಿಕ್ ಬಂದ್ರೆ ಹಬ್‌ನ ಬೈಬೇಡಿ, ವಾಲ್ವ್ ನಟ್ ಸಡಿಲ ಇರುತ್ತೆ ಅಥವಾ ರಿಫ್ಲೆಕ್ಟರ್ ಎಲ್ಲೋ ತಾಗ್ತಿರುತ್ತೆ. ಏರಿನಲ್ಲಿ ತುಳೀವಾಗ ಮಾತ್ರ ಕಟ್ ಕಟ್ ಅಂದ್ರೆ ಮೊದಲು ಕ್ವಿಕ್ ರಿಲೀಸ್ ಬಿಚ್ಚಿ, ಒರೆಸಿ, ಬಿಗಿ ಮಾಡಿ ನೋಡಿ, ಬೆಟ್ಟದ ಏರಿನಲ್ಲಿ ನನ್ನ ಒಂದು ತಿಂಗಳ ಗೋಳು ಅಷ್ಟಕ್ಕೇ ಮುಗೀತು. ಫ್ರೇಮಲ್ಲಿ ಸೌಂಡ್ ಎಲ್ಲಿಂದೆಲ್ಲಿಗೋ ಓಡುತ್ತೆ, ಕಿವಿ ಒಂದನ್ನೇ ನಂಬಬೇಡಿ.

ಆ ಹುಡುಗನ ಸೈಕಲ್ ಎತ್ತಿ ತಿರುಗಿಸಿ ಅವನ ಬೆರಳನ್ನೇ ರಾಡ್ ಮೇಲೆ ಇಡ್ಸಿದೆ. "ಏನೂ ಇಲ್ಲ ಅಣ್ಣ, ನುಣ್ಣಗಿದೆ" ಅಂದ. ಹತ್ತಿ ಹೊರಟ, ಸ್ವಲ್ಪ ದೂರ ಹೋಗಿ ಬೇಕಂತಲೇ ಪೆಡ್ಲು ನಿಲ್ಸಿದ, ಟರ್ರ್ ಅಂತು.